ಗುಳಿಗೆ ತಪ್ಪಿದರೆ ವೈರಸ್ ಬದಲಾಗುತ್ತಾ?

ಪ್ರಶ್ನೆ: ಕಬ್ಬಿನ ಲಾರಿ ಓಡಿಸುತ್ತೇನೆ. ಕಬ್ಬು ಅರೆಯುವ ದಿನಗಳಲ್ಲಿ ಎಚ್‌ಐವಿ ಗುಳಿಗೆ ಆಗಾಗ ತಪ್ಪಿತು. ಈಗ ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಜಾಸ್ತಿಯಾಗಿದೆ. ಔಷಧಿ ಇನ್ನು ನಾಟೋದಿಲ್ವಾ ಡಾಕ್ಟ್ರೇ?
— ಹೆಸರು ಬೇಡ, ಮದ್ದೂರು

ಉತ್ತರ: ಹೆದರಬೇಡಿ. ಮಂಡ್ಯದಲ್ಲಿ ನನ್ನ ಬಳಿ ಬರುವ ಚಾಲಕರು ಅನೇಕರು ಇದನ್ನೇ ಕೇಳುತ್ತಾರೆ. ಈ ವೈರಸ್ ತನ್ನ ನಕಲು ಮಾಡಿಕೊಳ್ಳುವಾಗ ತುಂಬಾ ತಪ್ಪುಗಳಾಗುತ್ತವೆ. ರಕ್ತದಲ್ಲಿ ಔಷಧಿ ಕಡಿಮೆಯಾದರೆ, ಅದಕ್ಕೆ ಬಗ್ಗದ ನಕಲುಗಳೇ ಬೆಳೆಯುತ್ತವೆ. ಎಂ184ವಿ ಎಂಬ ಒಂದೇ ಬದಲಾವಣೆಗೆ ಲ್ಯಾಮಿವುಡಿನ್ ಎಂಬ ಎಚ್‌ಐವಿ ಔಷಧಿಯ ಬಲ ಕುಗ್ಗುತ್ತದೆ. ಕೆ103ಎನ್ ಎಂಬ ಬದಲಾವಣೆ ಬಂದರೆ ಎಫಾವಿರೆಂಜ್, ನೆವಿರಪಿನ್ ಔಷಧಿಗಳೆರಡೂ ಸೋಲುತ್ತವೆ. ಡೊಲುಟೆಗ್ರಾವಿರ್ ಅಷ್ಟು ಸುಲಭಕ್ಕೆ ಸೋಲುವುದಿಲ್ಲ. ನಿಮ್ಮ ಚೀಟಿಯಲ್ಲಿ ಅದಿದೆಯಾ ನೋಡಿ. ಲೋಡ್ ಏರಿದ ಮಾತ್ರಕ್ಕೆ ವೈರಸ್ ಬದಲಾಗಿದೆ ಅಂತಲ್ಲ. ಸುಮ್ನೆ ಗುಳಿಗೆ ನಿಲ್ಲಿಸಬೇಡಿ. ಎಚ್‌ಐವಿ ಔಷಧಿ ಕೊಡುವ ಎಆರ್‌ಟಿ ಕೇಂದ್ರದಲ್ಲಿ ತಪ್ಪಿದ್ದನ್ನು ಮುಚ್ಚಿಡದೆ ಹೇಳಿ. ಕೆಲವು ತಿಂಗಳು ಬಿಡದೆ ನುಂಗಿ, ಮತ್ತೆ ಪರೀಕ್ಷೆ ಮಾಡಿಸಿ. ಲಾರಿಯಲ್ಲೂ ನಾಲ್ಕು ಗುಳಿಗೆ ಇರಲಿ, ಎಂಜಿನ್ ಬಿಸಿ ತಾಗದ ಕಡೆ.