ಸುತ್ತಿಗೊಮ್ಮೆ ತಡೆಯುವ ಎಂಜಿನ್

ಪ್ರಶ್ನೆ: ಹಿತ್ತಾಳೆ ಕಿಟ್ಟಿನಿಂದ ಆರು ಗಾಲಿಯ ಸ್ಟೀಮ್ ಎಂಜಿನ್ ಮಾದರಿ ಕಟ್ಟಿದ್ದೇನೆ. ಗಾಲಿ ಸುತ್ತುವಾಗ ಪ್ರತಿ ಸುತ್ತಿಗೂ ಒಂದೇ ಕಡೆ ತಡೆಯುತ್ತದೆ. ಗಾಲಿಗಳನ್ನು ಒಂದಕ್ಕೊಂದು ಜೋಡಿಸುವ ಕಪ್ಲಿಂಗ್ ರಾಡಿನ ತೂತು ದೊಡ್ಡದು ಮಾಡಿ ಎನ್ನುತ್ತಾರೆ ಒಬ್ಬರು, ಟೂತ್‌ಪೇಸ್ಟ್ ಹಚ್ಚಿ ರಾತ್ರಿಯಿಡೀ ಓಡಿಸಿ ಎನ್ನುತ್ತಾರೆ ಇನ್ನೊಬ್ಬರು. ಜೋರಾದ ಮೋಟಾರ್ ಹಾಕಲೇ?
– ಓದುಗರು, ಮಂಡ್ಯ

ಉತ್ತರ: ಮೂರೂ ಬೇಡ. ಈ ಪ್ರಶ್ನೆ ನನಗೆ ಬರುವುದೇ ತೂತು ಕೆಡಿಸಿಕೊಂಡ ಮೇಲೆ. ಟೂತ್‌ಪೇಸ್ಟ್ ಉಜ್ಜುವ ಪುಡಿ. ತಡೆಯುವ ಜಾಗವನ್ನಷ್ಟೇ ಹುಡುಕಿ ಸವೆಸುವುದಿಲ್ಲ, ಸರಿಯಿದ್ದ ಬೇರಿಂಗನ್ನೂ ತಿನ್ನುತ್ತದೆ. ಜೋರು ಮೋಟಾರ್ ಗಾಲಿಯನ್ನು ಆಕ್ಸಲ್ ಮೇಲೆ ಜಾರಿಸಿಬಿಡುತ್ತದೆ. ಇಂಥ ಮದ್ದು ಹೇಳುವವರು ತಮ್ಮ ಎಂಜಿನ್ ಓಡಿಸಿ ತೋರಿಸಲಿ.

ಮೋಟಾರ್ ಬಿಚ್ಚಿಡಿ. ಚಾಸಿಯನ್ನು ತುಸು ಓರೆಯಿಟ್ಟ ಹಳಿಯ ಮೇಲೆ ಬಿಟ್ಟರೆ ತಾನೇ ಉರುಳಬೇಕು. ಉರುಳದಿದ್ದರೆ ದೋಷ ಎರಡು ಕಡೆ ಇರಬಹುದು.

ಒಂದು, ಅಂತರ. ರಾಡಿನ ತೂತುಗಳ ನಡುವಿನ ಅಂತರವೂ ಫ್ರೇಮಿನಲ್ಲಿ ಆಕ್ಸಲ್‌ಗಳ ನಡುವಿನ ಅಂತರವೂ ಒಂದೇ ಆಗಿರಬೇಕು. ಬೇರಿಂಗ್ ಕೂರಿಸಲು ಫ್ರೇಮಿನ ತೂತು ಅಗಲಿಸುವಾಗ ಕೈ ಒಂದು ಕಡೆಗೆ ವಾಲುತ್ತದೆ, ಅಲ್ಲಿಗೆ ಅಳತೆ ಹೋಯಿತು. ನನ್ನ ಮೊದಲ ಕಿಟ್ ಕೆಟ್ಟಿದ್ದು ಹೀಗೇ. ಅಂದಿನಿಂದ ರಾಡನ್ನೇ ಮೊದಲು ಮುಗಿಸುತ್ತೇನೆ. ಜಿಗ್ ಆಕ್ಸಲ್‌ಗಳನ್ನು, ಅಂದರೆ ಅಳತೆ ಹಿಡಿಯಲು ತಾತ್ಕಾಲಿಕವಾಗಿ ಹಾಕುವ, ತುದಿ ಸಣ್ಣಗಿರುವ ಆಕ್ಸಲ್‌ಗಳನ್ನು, ಬೇರಿಂಗಿನಲ್ಲಿ ತೂರಿಸಿ, ಆ ತುದಿಗಳಿಗೆ ರಾಡ್ ಸಿಕ್ಕಿಸಿ, ಆಮೇಲೆ ಬೇರಿಂಗಿಗೆ ಬೆಸುಗೆ. ರಾಡ್ ಹೇಳಿದ ಕಡೆ ಬೇರಿಂಗ್ ಕೂರಬೇಕು.

ಎರಡು, ಗಾಲಿಗಳ ಕೋನ. ಮೈಸೂರಿನ ಕೆ.ಆರ್.ಎಸ್. ರಸ್ತೆಯ ರೈಲ್ವೆ ಮ್ಯೂಸಿಯಂಗೆ ಹೋಗಿ ಸ್ಟೀಮ್ ಎಂಜಿನ್ನಿನ ಎರಡೂ ಬದಿ ನೋಡಿ ಬನ್ನಿ. ಒಂದು ಬದಿಯ ಕ್ರ್ಯಾಂಕ್ ಪಿನ್ (ಗಾಲಿಯಲ್ಲಿ ರಾಡ್ ಸಿಕ್ಕಿಸುವ ಗೂಟ) ಮೇಲಿದ್ದರೆ ಇನ್ನೊಂದು ಬದಿಯದು ಕಾಲು ಸುತ್ತು, ಅಂದರೆ 90 ಡಿಗ್ರಿ, ಆಚೆಗಿರುತ್ತದೆ. ಎರಡೂ ಪಿಸ್ಟನ್ ಒಟ್ಟಿಗೆ ಕೊನೆ ಮುಟ್ಟಿ ಎಂಜಿನ್ ಹೊರಡದೆ ನಿಲ್ಲಬಾರದೆಂದು ಈ ಏರ್ಪಾಡು. ಮಾದರಿಯಲ್ಲಿ 90 ಬದಲು 89 ಆದರೂ ಓಡುತ್ತದೆ, ಆದರೆ ಮೂರೂ ಆಕ್ಸಲ್ ಅದೇ 89 ಇರಬೇಕು. ರಾಡ್ ನಡುವೆ ಕೀಲಿರುವಂಥದ್ದಾದರೆ ಮೊದಲು ಎರಡೇ ಆಕ್ಸಲ್ ಜೋಡಿಸಿ ಉರುಳಿಸಿ. ಸರಾಗವಾದ ಮೇಲೆ ಮೂರನೆಯದು. ಆಗ ತಡೆದರೆ ಕಳ್ಳ ಸಿಕ್ಕಿದ ಹಾಗೆ. ಆ ಮೂರನೆಯ ಆಕ್ಸಲ್‌ನ ಒಂದು ಗಾಲಿಯನ್ನು ಮಾತ್ರ ಕೂದಲೆಳೆಯಷ್ಟು ತಿರುಗಿಸಿ.

ಇಷ್ಟೆಲ್ಲ ಆದ ಮೇಲೂ ಚೂರು ಬಿಗಿಯಿದ್ದರೆ ರಾಡಿನ ತೂತಿಗೆ ಬ್ರೋಚ್, ಅಂದರೆ ತೂತನ್ನು ತುಸುವೇ ಹೆರೆಯುವ ಚೂಪು ಕಡ್ಡಿ, ಹಾಕಬಹುದು. ಕೈಯಲ್ಲಿ, ಎರಡು ಸುತ್ತು. ಡ್ರಿಲ್ ಮುಟ್ಟಬೇಡಿ.

ಪ್ರಶ್ನೆ: ಹಿತ್ತಾಳೆ ಬಾಡಿಯನ್ನು ಸೂಪರ್ ಗ್ಲೂನಲ್ಲಿ ಅಂಟಿಸಬಹುದೇ?
ಉತ್ತರ: ಬೆಸುಗೆ ಕಲಿಯಿರಿ. ಬೆಸುಗೆ ಹಿಡಿಯಲೆಂದು ಹಚ್ಚುವ ಆಸಿಡ್ ಫ್ಲಕ್ಸ್ ಬಳಸಿದರೆ ಕಿಟಕಿ ತೆರೆದಿಡಿ, ಅದೇ ದಿನ ತೊಳೆಯಿರಿ. ಬಿಟ್ಟರೆ ಮರುದಿನವೇ ಹಸಿರು ಕಿಲುಬು.

ಪ್ರಶ್ನೆ: ವೈಟ್‌ಮೆಟಲ್ (ಬೇಗ ಕರಗುವ ಮಿಶ್ರಲೋಹ) ಚಿಮಣಿ ಬೆಸೆಯಲು ಹೋಗಿ ಕರಗಿಹೋಯಿತು. ಬೆಸುಗೆ ಹಾಕುವ ಬಿಸಿ ಕಡ್ಡಿ (ಸೋಲ್ಡರಿಂಗ್ ಐರನ್) ಕಳಪೆಯೇ?
ಉತ್ತರ: ಅಲ್ಲ. ಅದಕ್ಕೆ 70 ಡಿಗ್ರಿಗೆ ಕರಗುವ ಬೆಸುಗೆಯೂ ಶಾಖ ತಗ್ಗಿಸಬಲ್ಲ ಕಡ್ಡಿಯೂ ಬೇಕು.

ಪ್ರಶ್ನೆ: ನಮ್ಮ ಬ್ರಾಡ್‌ಗೇಜ್ ಎಂಜಿನ್ನಿನ 1:87 ಮಾದರಿಗೆ 16.5 ಮಿ.ಮೀ. ಹಳಿ ಸರಿಯೇ?
ಉತ್ತರ: ಸರಿಯಲ್ಲ. ನಮ್ಮ ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರ 1676 ಮಿ.ಮೀ.; ಅದನ್ನು 87ರಿಂದ ಭಾಗಿಸಿದರೆ 19.3 ಬರುತ್ತದೆ.