ಮುದ್ದಿನ ನಾಯಿ ಇದ್ದಕ್ಕಿದ್ದಂತೆ ಗುರ್ ಅಂದರೆ ಮೊದಲು ಅದರ ಮೈ ನೋಡಿ

ನೀವು ಕೇಳಿದ್ದು ಇಷ್ಟು. ಏಳು ವರ್ಷದ ಗಂಡು ನಾಯಿ, ಇಷ್ಟು ದಿನ ಮನೆಮಂದಿಗೆಲ್ಲ ಮುದ್ದು. ಈಗ ಮೂರು ವಾರದಿಂದ ಮಂಚದ ಕೆಳಗೆ ಹೋಗಿ ಕೂರುತ್ತದೆ, ಮಗ ತಲೆ ಸವರಲು ಹೋದರೆ ಗುರ್ ಅನ್ನುತ್ತದೆ, ರಾತ್ರಿ ಮಲಗದೆ ತೇಕುತ್ತಾ ಓಡಾಡುತ್ತದೆ, ಆಗಾಗ ಗೋಡೆ ನೋಡಿ ಬೊಗಳುತ್ತದೆ. ಡಾಕ್ಟರು ಒಮ್ಮೆ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಎಲ್ಲ ಸರಿಯಿದೆ ಅಂದಿದ್ದಾರೆ. ಮನೆಯಲ್ಲಿ ಒಬ್ಬರು ಕೊಬ್ಬು ಅನ್ನುತ್ತಾರೆ, ಇನ್ನೊಬ್ಬರು ವಯಸ್ಸಾಯಿತು ಅನ್ನುತ್ತಾರೆ. ನೀವು ಟ್ರೈನರ್ ಹುಡುಕುತ್ತಿದ್ದೀರಿ.

ಟ್ರೈನರ್ ಆಮೇಲೆ ನೋಡೋಣ. ನಾನು ಡಾಕ್ಟರಲ್ಲ, ಸುಮಾರು ಇಪ್ಪತ್ತು ವರ್ಷದಿಂದ ಒಂದಾದ ಮೇಲೊಂದು ನಾಯಿ ಸಾಕಿದವಳು ಅಷ್ಟೇ. ಆದರೆ ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೆ ನನಗೆ ಮೊದಲು ಹೊಳೆದದ್ದು ನೋವು. ನಿಮ್ಮ ನಾಯಿಗೆ ಎಲ್ಲೋ ನೋಯುತ್ತಿದೆ ಅಂತ ನನ್ನ ಅನುಮಾನ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ನಾನೇ ಇದರಲ್ಲಿ ಎಡವಿದ್ದೇನೆ. ನಮ್ಮ ಗುಂಡನಿಗೆ ಆಗ ಒಂಬತ್ತು ವರ್ಷ. ಅಕ್ಕ ತನ್ನ ಮಗುವನ್ನು ಕರೆದುಕೊಂಡು ಬಂದು ಒಂದು ತಿಂಗಳು ನಮ್ಮಲ್ಲಿದ್ದಳು. ಅವಳು ಬಂದ ಎರಡನೇ ವಾರಕ್ಕೆ ಗುಂಡ ಬದಲಾದ. ಕರೆದರೆ ಬರಲ್ಲ, ಹತ್ತಿರ ಹೋದರೆ ಗುರ್. ಕುತ್ತಿಗೆ ತಗ್ಗಿಸಿ ನಿಂತು, ತಲೆ ತಿರುಗಿಸದೆ ಬರೀ ಕಣ್ಣು ಹೊರಳಿಸಿ ನೋಡುತ್ತಿದ್ದ. 'ನೋಡು, ಕಳ್ಳನ ಹಾಗೆ ಹೇಗೆ ನೋಡ್ತಾನೆ' ಅಂತ ನಾವೆಲ್ಲ ನಕ್ಕಿದ್ದೂ ನಕ್ಕಿದ್ದೇ. ಮಗು ಬಂತಲ್ಲ, ಹೊಟ್ಟೆಕಿಚ್ಚು ಅಂತ ತೀರ್ಮಾನ ಮಾಡಿದೆವು. ನಾನು ಎರಡು ಸಲ ಗದರಿದೆ ಕೂಡ. ಈಗ ನೆನಪಾದರೆ ಹೊಟ್ಟೆ ಚುರುಕ್ ಅನ್ನುತ್ತದೆ.

ಆಮೇಲೆ ಒಂದು ದಿನ ಸುಮ್ನೆ ಒಂದು ಹಳೆಯ ನೋಟ್‌ಬುಕ್ ತೆಗೆದುಕೊಂಡು ಬರೆಯಲು ಶುರುಮಾಡಿದೆ. ಎಷ್ಟು ಗಂಟೆಗೆ ಗುರ್ ಅಂದ, ಯಾರು ಹತ್ತಿರವಿದ್ದರು, ಅವನು ಮಲಗಿದ್ದನಾ ನಿಂತಿದ್ದನಾ, ಕೈ ಯಾವ ಕಡೆಯಿಂದ ಬಂತು, ಎಲ್ಲಿ ಮುಟ್ಟಿತು. ಐದು ದಿನದಲ್ಲಿ ಏಳು ಸಲ ಗುರ್ ಅಂದಿದ್ದ. ಅದರಲ್ಲಿ ಆರು ಸಲ ಯಾರೋ ಮೇಲಿನಿಂದ ಕೈ ತಂದು ತಲೆಯನ್ನೋ ಕತ್ತಿನ ಬೆಲ್ಟನ್ನೋ ಹಿಡಿದಿದ್ದರು. ಇನ್ನೊಂದು ಸಲ ಭಾವ ಅವನನ್ನು ಎತ್ತಿ ಸೋಫಾ ಮೇಲೆ ಕೂರಿಸಲು ಹೋಗಿದ್ದರು. ಮಗುವಿನ ಮೇಲೆ? ಒಂದು ಸಲವೂ ಇಲ್ಲ! ಅದು ಪಕ್ಕದಲ್ಲಿ ಕೂತು ಬಾಲ ಎಳೆಯುತ್ತಿದ್ದರೂ ಪಾಪ ತೆಪ್ಪಗೆ ಬಿದ್ದುಕೊಂಡಿದ್ದ.

ಬರೆಯುತ್ತಾ ಕೂತ ಮೇಲೆ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ನಾಯಿ ನಿದ್ದೆಯಿಂದ ಎದ್ದ ಕೂಡಲೇ ಮೈ ಕೊಡವುತ್ತದೆ, ಅಲ್ವಾ? ಕಿವಿಯಿಂದ ಶುರುವಾಗಿ ಬಾಲದ ತುದಿವರೆಗೆ ಹೋಗುತ್ತದೆ. ಗುಂಡನ ಕಿವಿ ಒಂದೇ ಸಲ ಪಟ್ ಅನ್ನುತ್ತಿತ್ತು, ಅಷ್ಟಕ್ಕೇ ನಿಲ್ಲಿಸುತ್ತಿದ್ದ, ಏನೋ ನೆನಪಾದವನ ಹಾಗೆ. ತಿನ್ನುವಾಗ ಬಟ್ಟಲಿನ ಮುಂದೆ ಮುಂಗಾಲು ಅಗಲಿಸಿ, ಹಿಂದೆ ಸರಿದು, ಮತ್ತೆ ಮುಂದೆ ಬಂದು, ಕೊನೆಗೆ ಮಲಗಿಕೊಂಡು ತಿನ್ನುತ್ತಿದ್ದ. ನಾವು ಅದನ್ನು ಸೋಮಾರಿತನ ಅಂದುಕೊಂಡಿದ್ದೆವು.

ಮೊದಲ ಸಲ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಅವನು ಅಲ್ಲಿ ಚುರುಕಾಗಿ ಬಾಲ ಆಡಿಸುತ್ತಾ ನಡೆದಾಡಿದ. ಅವರಿಗೂ ಏನೂ ಕಾಣಲಿಲ್ಲ. ಹೊಸ ಜಾಗದ ಭಯ, ಗಾಬರಿ, ಉತ್ಸಾಹದಲ್ಲಿ ನಾಯಿಗಳು ನೋವನ್ನು ಎಷ್ಟೋ ಮುಚ್ಚಿಡುತ್ತವೆ, ಮನೆಯಲ್ಲಿ ಕುಂಟುವ ನಾಯಿ ಕ್ಲಿನಿಕ್ಕಿನಲ್ಲಿ ಕುಂಟದೇ ಇರುವುದು ತೀರಾ ಸಾಮಾನ್ಯ. ಎರಡನೇ ಸಲ ನೋಟ್‌ಬುಕ್ಕು ಮತ್ತು ಫೋನಿನಲ್ಲಿ ತೆಗೆದ ವಿಡಿಯೋ ಇಟ್ಟುಕೊಂಡು ಹೋದೆ. ಡಾಕ್ಟರು ವಿಡಿಯೋ ಎರಡು ಸಲ ನೋಡಿದರು. ಆಮೇಲೆ ಒಂದು ಬಿಸ್ಕತ್ತು ತೋರಿಸಿ ಮೂಗನ್ನು ನಿಧಾನಕ್ಕೆ ಎಡ ಭುಜದ ಕಡೆ ತಂದರು. ಕುತ್ತಿಗೆ ಬಂತು. ಬಲಕ್ಕೆ ತಂದರು. ಕುತ್ತಿಗೆ ಬರಲಿಲ್ಲ, ಇಡೀ ಮೈಯನ್ನೇ ತಿರುಗಿಸಿದ. ಕತ್ತಿನ ಡಿಸ್ಕ್ ತೊಂದರೆ. ಆ ಕಳ್ಳ ನೋಟ ಇದೆಯಲ್ಲ, ಅದು ಕುತ್ತಿಗೆ ತಿರುಗಿಸಲಾಗದೆ ಬರೀ ಕಣ್ಣಲ್ಲಿ ನೋಡುತ್ತಿದ್ದದ್ದು.

ಔಷಧಿ ಕೊಟ್ಟರು, ನಾಲ್ಕು ವಾರ ಓಡಾಟ ಕಡಿಮೆ ಮಾಡಿಸಿದರು, ಕತ್ತಿನ ಬೆಲ್ಟ್ ತೆಗೆಸಿ ಎದೆಗೆ ಹಾಕುವ ಹಾರ್ನೆಸ್ ಹಾಕಿಸಿದರು, ಬಟ್ಟಲನ್ನು ಎತ್ತರಕ್ಕೆ ಇಡಲು ಹೇಳಿದರು. ಹನ್ನೊಂದನೇ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿದ್ದೆ, ಹಾಲ್‌ನಿಂದ ಪಟಪಟಪಟ ಅಂತ ಕಿವಿ ಬಡಿಯುವ ಸದ್ದು ಬಂತು. ಪೂರ್ತಿ, ಬಾಲದವರೆಗೆ. ಗ್ಯಾಸ್ ಆರಿಸಿ ಹೋಗಿ ಅವನ ಪಕ್ಕ ನೆಲದ ಮೇಲೆ ಕೂತುಬಿಟ್ಟೆ.

ಇದು ನಮ್ಮೊಬ್ಬರ ಕಥೆಯಲ್ಲ. ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದಲ್ಲಿ ಪ್ರಾಣಿಗಳ ವರ್ತನೆಯ ತೊಂದರೆಗಳನ್ನೇ ನೋಡುವ ಪಶುವೈದ್ಯ ಡೇನಿಯಲ್ ಮಿಲ್ಸ್ ಮತ್ತು ಜೊತೆಯವರು 2020ರಲ್ಲಿ ಒಂದು ಲೇಖನ ಬರೆದರು. ವರ್ತನೆ ಸರಿಯಿಲ್ಲ ಅಂತ ತಮ್ಮಂಥ ತಜ್ಞರ ಹತ್ತಿರ ಬರುವ ಪ್ರಾಣಿಗಳಲ್ಲಿ, ಕಡಿಮೆ ಲೆಕ್ಕ ಹಾಕಿದರೂ ಮೂರರಲ್ಲಿ ಒಂದಕ್ಕೆ ಯಾವುದಾದರೂ ನೋವಿನ ಕಾಯಿಲೆ ಇರುತ್ತದೆ ಅಂತ ಅದರಲ್ಲಿದೆ.

ಈಗ ನಿಮ್ಮ ನಾಯಿಗೆ ಬರೋಣ. ರಾತ್ರಿ ತೇಕುತ್ತದೆ ಅಂದಿರಿ. ಸೆಕೆಯಿಲ್ಲ, ಓಡಿಲ್ಲ, ಆದರೂ ತೇಕುವುದು ನೋವಿಗೋ ಆತಂಕಕ್ಕೋ ಇರಬಹುದು, ಎದೆಯ ತೊಂದರೆಯೂ ಆಗಿರಬಹುದು. ಅದು ಗಾಢ ನಿದ್ದೆಯಲ್ಲಿದ್ದಾಗ ಎದೆ ಎಷ್ಟು ಸಲ ಏಳುತ್ತದೆ ಅಂತ ಒಂದು ನಿಮಿಷ ಎಣಿಸಿ. 30ರ ಒಳಗಿರಬೇಕು. ದಿನವೂ ಅದಕ್ಕಿಂತ ಜಾಸ್ತಿ ಬಂದರೆ ಡಾಕ್ಟರಿಗೆ ಆ ಸಂಖ್ಯೆಯನ್ನೇ ಹೇಳಿ. ಮೂಗು ಬಿಸಿಯಿದೆಯಾ ಅಂತ ಮುಟ್ಟಿ ಜ್ವರ ನೋಡುವವರಿದ್ದಾರೆ, ಅದರಿಂದ ಏನೂ ಗೊತ್ತಾಗಲ್ಲ. ನಾಯಿಯ ಮೈ ಬಿಸಿ ಮಾಮೂಲಿಯಾಗಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ, ನಮ್ಮ ಕೈಗೆ ಯಾವಾಗಲೂ ಬಿಸಿಯಾಗೇ ಸಿಗುತ್ತದೆ.

ರಕ್ತ ಪರೀಕ್ಷೆ ಸರಿಯಿದೆ ಅಂದ ಮಾತ್ರಕ್ಕೆ ನೋವಿಲ್ಲ ಅಂತಲ್ಲ. ಸವೆದ ಕೀಲು, ಬಿರುಕು ಬಿಟ್ಟ ಹಲ್ಲು, ಕಿವಿಯ ಒಳಗಿನ ಸೋಂಕು, ಬೆನ್ನುಮೂಳೆ, ಇವು ಯಾವುವೂ ರಕ್ತದಲ್ಲಿ ಕಾಣಬೇಕು ಅಂತಿಲ್ಲ. ತಲೆ ಸವರಿದರೆ ಮಾತ್ರ ಗುರ್ ಅನ್ನುತ್ತದಾ, ಬೆನ್ನು ಸವರಿದರೂ ಅನ್ನುತ್ತದಾ ಅನ್ನುವುದು ನಿಮಗೆ ನೆನಪಿದ್ದರೆ ಸಾಕು, ಬೇಕಂತಲೇ ಮುಟ್ಟಿ ಪರೀಕ್ಷೆ ಮಾಡಬೇಡಿ. ತಲೆ ಮಾತ್ರ ಅಂದರೆ ಕಿವಿ, ಹಲ್ಲು, ಕುತ್ತಿಗೆ, ಕಣ್ಣು. ಕಿವಿಯಾದರೆ ತಲೆ ಒದರುತ್ತದೆ, ಕೆರೆದುಕೊಳ್ಳುತ್ತದೆ, ಹತ್ತಿರ ಹೋದರೆ ವಾಸನೆ ಬರುತ್ತದೆ. ಹಲ್ಲಾದರೆ ಒಂದೇ ಕಡೆ ಅಗಿಯುತ್ತದೆ, ತುತ್ತು ಬೀಳಿಸುತ್ತದೆ, ಪ್ರಾಣಕ್ಕಿಂತ ಜಾಸ್ತಿ ಪ್ರೀತಿಸುತ್ತಿದ್ದ ಚೆಂಡನ್ನು ಬಾಯಲ್ಲಿ ಹಿಡಿಯುವುದಿಲ್ಲ. ಊಟ ಬಿಟ್ಟಿಲ್ಲ, ಹಾಗಾಗಿ ಹಲ್ಲು ನೋವಿಲ್ಲ ಅಂದುಕೊಳ್ಳಬೇಡಿ, ಹಲ್ಲು ಬಿರಿದಿದ್ದರೂ ತಿನ್ನುವ ನಾಯಿಗಳೇ ಜಾಸ್ತಿ. ಮೆಟ್ಟಿಲ ಬಗ್ಗೆ ನೀವು ಬರೆದಿಲ್ಲ, ಹತ್ತುತ್ತದಾ? ಮೊದಲ ಮೆಟ್ಟಿಲ ಹತ್ತಿರ ನಿಂತು ಯೋಚನೆ ಮಾಡುತ್ತದಾ? ಎದ್ದ ತಕ್ಷಣ ನಾಲ್ಕು ಹೆಜ್ಜೆ ಬಿಗಿಯಾಗಿ ಇಟ್ಟು ಆಮೇಲೆ ಸಲೀಸಾಗಿ ನಡೆಯುತ್ತದೆ ಅಂದರೆ ಕೀಲಿನ ಮೇಲೆ ಅನುಮಾನ ಪಡಿ. ಇಳಿಯಲು ಹೆದರುತ್ತದೆ, ಅದೂ ಕತ್ತಲಲ್ಲಿ ಮಾತ್ರ ಅಂದರೆ ಕಣ್ಣು ಪರೀಕ್ಷೆ ಮಾಡಿಸಿ.

ವಯಸ್ಸಾದ ನಾಯಿಗಳಿಗೆ ಮರೆವಿನ ಕಾಯಿಲೆ ಬರುವುದು ನಿಜ. ಬಾಗಿಲು ತೆರೆಯುವ ಕಡೆ ಬಿಟ್ಟು ಕೀಲಿರುವ ಕಡೆ ಹೋಗಿ ನಿಲ್ಲುತ್ತವೆ, ಬೀರುವಿನ ಹಿಂದೆ ಹೊಕ್ಕು ಹೊರಬರುವುದು ಮರೆಯುತ್ತವೆ, ಹಗಲು ನಿದ್ದೆ ಮಾಡಿ ರಾತ್ರಿ ತಿರುಗುತ್ತವೆ. ಆದರೆ ಅದು ತಿಂಗಳುಗಟ್ಟಲೆ ನಿಧಾನಕ್ಕೆ ಬರುವಂಥದ್ದು, ಮೂರು ವಾರದಲ್ಲಿ ಅಲ್ಲ, ಏಳು ವರ್ಷಕ್ಕೆ ಸ್ವಲ್ಪ ಬೇಗವೂ ಆಯಿತು. ವಯಸ್ಸಾಯಿತು ಅಂದವರಿಗೆ ಇದನ್ನು ಹೇಳಿ.

ಗೋಡೆ ನೋಡಿ ಬೊಗಳುವುದಕ್ಕೆ ಮಾತ್ರ ನಾನು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ನಮಗೆ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಜ್ ತನಕ, ನಾಯಿಗೆ ಸುಮಾರು 45,000 ತನಕ ಕೇಳುತ್ತದೆ. ಇಲಿಗಳು ತಮ್ಮಲ್ಲೇ ಮಾಡಿಕೊಳ್ಳುವ ಎಷ್ಟೋ ಸದ್ದು ನಮ್ಮ ಕಿವಿಗೆ ಬೀಳುವುದೇ ಇಲ್ಲ. ನಮ್ಮ ಈಗಿನ ನಾಯಿ ಒಂದು ವಾರ ಅಡುಗೆಮನೆಯ ಗೋಡೆಗೆ ಬೊಗಳಿ ಬೊಗಳಿ ನಮ್ಮ ನಿದ್ದೆ ಕೆಡಿಸಿತ್ತು. ಕೊನೆಗೆ ಕಪಾಟು ಎಳೆದು ನೋಡಿದರೆ ಹಿಂದೆ ಇಲಿ ಮರಿ ಹಾಕಿತ್ತು! ಬ್ಯಾಟರಿ ಮುಗಿಯುತ್ತಾ ಬಂದ ಯಾವುದಾದರೂ ಅಲಾರಂ ಕೀಂ ಅನ್ನುತ್ತಿದ್ದರೂ ಕೆಲವು ನಾಯಿಗಳು ಕಂಗಾಲಾಗುತ್ತವೆ. ಮೊದಲು ಇದನ್ನೆಲ್ಲ ನೋಡಿ. ಆದರೆ ಅದು ಬೊಗಳದೆ, ಗೋಡೆಗೆ ಹಣೆ ಒತ್ತಿಕೊಂಡು ಸುಮ್ಮನೆ ನಿಲ್ಲುತ್ತಿದ್ದರೆ ಅದು ಬೇರೆ ವಿಷಯ, ಮಿದುಳಿನ ತೊಂದರೆ ಇರಬಹುದು, ಅವತ್ತೇ ತೋರಿಸಿ.

ರೇಬೀಸ್ ಭಯ ಇರಬಹುದು, ನೀವು ಬರೆದಿಲ್ಲ ಅಷ್ಟೇ. ವರ್ತನೆ ಬದಲಾಗುವುದು ಅದರ ಲಕ್ಷಣವೂ ಹೌದು. ಆದರೆ ಲಕ್ಷಣ ಶುರುವಾದ ನಾಯಿ ಸಾಮಾನ್ಯವಾಗಿ ಹತ್ತು ದಿನದೊಳಗೆ ಸಾಯುತ್ತದೆ. ನಿಮ್ಮದು ಮೂರು ವಾರದಿಂದ ಹೀಗಿದೆ, ತಿಂದುಕೊಂಡು ಓಡಾಡಿಕೊಂಡಿದೆ ಅಂದರೆ ಅದಾಗಿರುವ ಸಾಧ್ಯತೆ ತೀರಾ ಕಡಿಮೆ. ಹಾಗಂತ ಲಸಿಕೆ ತಾರೀಖು ಮೀರಿದ್ದರೆ ಹಾಕಿಸಿಬಿಡಿ. ಈ ಉತ್ತರ ಬೇರೆಯವರೂ ಓದುತ್ತಾರೆ ಅಂತ ಒಂದು ಮಾತು: ಜೊಲ್ಲು ಸುರಿಸುತ್ತಾ, ನುಂಗಲಾಗದೆ, ದವಡೆ ಜೋತುಬಿದ್ದ ನಾಯಿಯ ಬಾಯಿಗೆ ಮೂಳೆ ಸಿಕ್ಕಿದೆಯೇನೋ ಅಂತ ಕೈ ಹಾಕಬೇಡಿ. ಯಾವ ನಾಯಿ ಕಚ್ಚಿದರೂ, ಪರಚಿದರೂ, ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ.

ಕಾಯಬಾರದ ಸಂದರ್ಭಗಳೂ ಇವೆ. ಹೊಟ್ಟೆ ಉಬ್ಬಿ ವಾಂತಿಗೆ ಬಂದ ಹಾಗೆ ಮಾಡಿದರೂ ಏನೂ ಬರುತ್ತಿಲ್ಲ, ಮೂತ್ರಕ್ಕೆ ತಿಣುಕಿದರೂ ಹನಿ ಬೀಳುತ್ತಿಲ್ಲ, ವಸಡು ಬಿಳಿಚಿದೆ, ಹಿಂಗಾಲು ಎಳೆಯುತ್ತಿದೆ, ಫಿಟ್ಸ್ ಐದು ನಿಮಿಷ ದಾಟಿತು. ಇವುಗಳಲ್ಲಿ ಯಾವುದೇ ಕಂಡರೂ ರಾತ್ರಿಯೇ ಆಗಲಿ ಹೊರಡಿ.

ಈಗ ಮಗನ ವಿಷಯ. ಅವನ ವಯಸ್ಸು ಎಷ್ಟೋ ಗೊತ್ತಿಲ್ಲ, ಎಷ್ಟೇ ಇರಲಿ, ನಾಯಿ ಮಂಚದ ಕೆಳಗಿರುವಾಗ ಅವನು ಅಲ್ಲಿಗೆ ಕೈ ಹಾಕಬಾರದು. ಎಳೆದು ಹೊರಗೆ ತರುವುದಂತೂ ಬೇಡವೇ ಬೇಡ. ಗುರ್ ಅಂದದ್ದಕ್ಕೆ ಬೈಯಬೇಡಿ, ಹೊಡೆಯಬೇಡಿ. ನನಗೆ ಇದು ಅರ್ಥವಾಗಲು ತುಂಬಾ ದಿನ ಹಿಡಿಯಿತು. ಗುರ್ ಅನ್ನುವ ನಾಯಿ 'ಬೇಡ, ನೋಯ್ತಿದೆ' ಅಂತ ಬಾಯಿಬಿಟ್ಟು ಹೇಳುತ್ತಿದೆ. ಅದಕ್ಕೆ ಏಟು ತಿಂದರೆ ಹೇಳುವುದನ್ನು ಬಿಡುತ್ತದೆ, ನೋವು ಮಾತ್ರ ಹಾಗೇ ಇರುತ್ತದೆ, ಆಮೇಲೆ ಒಂದು ದಿನ ನೇರವಾಗಿ ಕಚ್ಚುತ್ತದೆ. ಮುಟ್ಟಲೇಬೇಕು ಅನ್ನಿಸಿದರೆ ಹೆಸರು ಹಿಡಿದು ಕರೆಯಲಿ, ಅದಾಗೇ ಬಂದರೆ ಸರಿ, ಬರದಿದ್ದರೆ ಬಿಟ್ಟುಬಿಡಲಿ.

ಮನೆಯಲ್ಲಿರುವ ನೋವಿನ ಮಾತ್ರೆ ಕೊಡಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಎರಡೂ ನಾಯಿಗೆ ವಿಷವಾಗಬಹುದು, ಅರ್ಧ ಮಾತ್ರೆ ತಾನೇ ಅನ್ನುವ ಲೆಕ್ಕಾಚಾರ ಬೇಡ. ಬದಲಿಗೆ ಡಾಕ್ಟರ ಹತ್ತಿರ ನೇರವಾಗಿ ಕೇಳಿ: 'ನೋವು ಇರಬಹುದು ಅಂತ ನನಗೆ ಅನುಮಾನ, ನಾಯಿಗೆ ಕೊಡುವ ನೋವಿನ ಔಷಧಿ ಕೆಲವು ದಿನ ಕೊಟ್ಟು ನೋಡಬಹುದಾ?' ಹೀಗೆ ಔಷಧಿ ಕೊಟ್ಟು ವರ್ತನೆ ಬದಲಾಗುತ್ತದಾ ಅಂತ ನೋಡುವ ಕ್ರಮ ಪಶುವೈದ್ಯರಲ್ಲಿ ಇದೆ. ಮೊದಲು ನೋಡಿದವರು ಒಪ್ಪದಿದ್ದರೆ ಇನ್ನೊಬ್ಬರಿಗೆ ತೋರಿಸಿ, ಅದರಲ್ಲಿ ಸಂಕೋಚ ಏನೂ ಇಲ್ಲ.

ವಿಡಿಯೋ ತೆಗೆಯುವಾಗ ನಾಯಿಗೆ ಗೊತ್ತಾಗದ ಹಾಗೆ, ಫೋನನ್ನು ನೆಲದ ಮಟ್ಟಕ್ಕೆ ಎಲ್ಲಾದರೂ ಒರಗಿಸಿಟ್ಟು ತೆಗೆಯಿರಿ. ನಿದ್ದೆಯಿಂದ ಏಳುವುದು, ತಿನ್ನುವುದು, ಮೆಟ್ಟಿಲು ಹತ್ತಿ ಇಳಿಯುವುದು, ರಾತ್ರಿ ತೇಕುವುದು, ಈ ನಾಲ್ಕು ಸಾಕು. ಗುರ್ ಅನ್ನುವುದನ್ನು ತೆಗೆಯಲು ಹೋಗಿ ಬೇಕಂತಲೇ ಕೆಣಕಬೇಡಿ. ಎದ್ದಾಗ ಮೈ ಪೂರ್ತಿ ಕೊಡವುತ್ತದಾ, ಅರ್ಧಕ್ಕೆ ನಿಲ್ಲಿಸುತ್ತದಾ ಅಂತ ನಾಳೆ ಬೆಳಿಗ್ಗೆ ನೋಡಿ ಇಲ್ಲೇ ಕೆಳಗೆ ಬರೆಯಿರಿ.