ಮುಕ್ತದ್ವಾರ ಯಾರಿಗೆ ಮುಕ್ತ?

ಪತ್ರ: ಕಳೆದ ಸಂಚಿಕೆಯಲ್ಲಿ ಸಾಮ್ರಾಜ್ಯಶಾಹಿಯ ವಿಷಯದಲ್ಲಿ ಅಮೆರಿಕವನ್ನು ಬ್ರಿಟನ್ನಿನ ಸಾಲಿನಲ್ಲೇ ಕೂರಿಸಿದ್ದೀರಿ. ಇದು ಅನ್ಯಾಯ. ಅಮೆರಿಕ ಮುಕ್ತದ್ವಾರ ನೀತಿಯಿಂದ ಚೀನಾ ಹೋಳಾಗುವುದನ್ನು ತಪ್ಪಿಸಿತು, ಬಾಕ್ಸರ್ ದಂಗೆಯ ಬಳಿಕ ವಿದೇಶಗಳು ಚೀನಾಕ್ಕೆ ಹಾಕಿದ ದಂಡದ ಹಣ ಹಿಂತಿರುಗಿಸಿತು, ಫಿಲಿಪೀನ್ಸಿನಲ್ಲಿ ಶಾಲೆಗಳನ್ನು ತೆರೆಯಿತು. – ಓದುಗರೊಬ್ಬರು, ಧಾರವಾಡ

ಉತ್ತರ: ಶಾಲೆಗಳ ಮಾತು ನಿಜ. 1901ರಲ್ಲಿ ‘ಥಾಮಸ್’ ಹಡಗಿನಲ್ಲಿ ಮನಿಲಾಕ್ಕೆ ಬಂದಿಳಿದ ಐನೂರರಷ್ಟು ಶಿಕ್ಷಕರ ಕೆಲಸ ಸಣ್ಣದಲ್ಲ. ಅಮೆರಿಕ ದಂಡದಲ್ಲಿ ಒಂದು ಭಾಗವನ್ನು ಬಿಟ್ಟುಕೊಟ್ಟಿದ್ದೂ ಹೌದು, ಆದರೆ ಒಂದು ಭಾಗವನ್ನು ಮಾತ್ರ. ಇದಕ್ಕಿಂತ ಹೆಚ್ಚು ಒಪ್ಪಲಾರೆ. ನಿಮ್ಮಂಥ ಶ್ರದ್ಧೆಯ ಓದುಗರು ರಾಜಕಾರಣಿಗಳ ಘೋಷಣೆಗಳನ್ನು ನೋಡಿ, ಸುಂಕದ ಪಟ್ಟಿಯನ್ನು ನೋಡದೆ ಬಿಟ್ಟಿರಲ್ಲ ಎಂಬುದೇ ನನ್ನ ಬೇಸರ.

1899ರ ಸೆಪ್ಟೆಂಬರಿನಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜಾನ್ ಹೇ ಬರೆಸಿದ ಮುಕ್ತದ್ವಾರದ ಪತ್ರಗಳು ಮೊದಲು ಹೋದದ್ದು ಬ್ರಿಟನ್, ಜರ್ಮನಿ, ರಷ್ಯಾಗಳಿಗೆ. ಆಮೇಲೆ ಜಪಾನ್, ಇಟಲಿ, ಫ್ರಾನ್ಸುಗಳಿಗೆ. ಚೀನಾವನ್ನು ಯಾರೂ ಕೇಳಲಿಲ್ಲ. ಅಲ್ಲಿದ್ದ ಬೇಡಿಕೆಯಾದರೂ ಏನು? ನಿಮ್ಮ ನಿಮ್ಮ ಪ್ರಭಾವ ವಲಯದ ಬಂದರುಗಳಲ್ಲಿ ಎಲ್ಲರ ಸರಕಿಗೂ ಚೀನಾದ ಒಪ್ಪಂದದ ಸುಂಕವೇ ಇರಲಿ, ಬಂದರು ಶುಲ್ಕದಲ್ಲೂ ರೈಲು ಬಾಡಿಗೆಯಲ್ಲೂ ತಾರತಮ್ಯ ಬೇಡ. ಆ ‘ಒಪ್ಪಂದದ ಸುಂಕ’ ಅಫೀಮು ಯುದ್ಧಗಳ ಬಳಿಕ ಚೀನಾದ ತಲೆಗೆ ಕಟ್ಟಿದ ಶೇ. 5. ಅದನ್ನು ಏರಿಸುವ ಹಕ್ಕು ಚೀನಾಕ್ಕಿರಲಿಲ್ಲ. ವಸೂಲಿಯೂ 1858ರ ಬೆಲೆಗಳ ಮೇಲೆ ಗೊತ್ತುಮಾಡಿದ ಬೆಳ್ಳಿಯ ಲೆಕ್ಕದಲ್ಲಿತ್ತು. ಬೆಲೆ ಏರಿದಂತೆಲ್ಲ ಕೈಗೆ ಬರುತ್ತಿದ್ದುದು ಐದಕ್ಕಿಂತ ಕಡಿಮೆ. 1901ರಲ್ಲಿ 1897–99ರ ಸರಾಸರಿ ಬೆಲೆಗೆ ಪಟ್ಟಿ ಪರಿಷ್ಕರಿಸಲು ಒಪ್ಪಿದರು ನಿಜ, ಆದರೆ 45 ಕೋಟಿ ಟೇಲ್ (ಚೀನೀ ತೂಕದ ಅಳತೆ) ಬೆಳ್ಳಿಯ ಆ ಬಾಕ್ಸರ್ ದಂಡವನ್ನು ಶೇ. 4ರ ಬಡ್ಡಿಯೊಂದಿಗೆ 39 ವರ್ಷ ತೀರಿಸಲು ಅದೇ ಸುಂಕವನ್ನು ಅಡವಿಡಿಸಿಕೊಂಡರು. ಅತ್ತ ಅಮೆರಿಕದ 1897ರ ಡಿಂಗ್ಲಿ ಕಾಯ್ದೆಯಲ್ಲಿ ಸುಂಕ ಬೀಳುವ ಸರಕಿನ ಮೇಲೆ ಸರಾಸರಿ ದರ ಶೇ. 50ರ ಹತ್ತಿರ! ಚೀನೀ ಕೂಲಿಕಾರರಿಗಂತೂ 1882ರಿಂದಲೇ ಪ್ರವೇಶವಿಲ್ಲ. 1905ರಲ್ಲಿ ಶಾಂಘೈ ವರ್ತಕರು ಅಮೆರಿಕದ ಸರಕನ್ನು ಬಹಿಷ್ಕರಿಸಿದ್ದು ಸುಮ್ಮನೆಯೇ?

ಇನ್ನು ಸ್ಪೇನಿನಿಂದ ಅಮೆರಿಕದ ಕೈಸೇರಿದ್ದ ಫಿಲಿಪೀನ್ಸ್. ಅಲ್ಲಿನ ಲೂಝಾನ್ ದ್ವೀಪದಿಂದ ಸೈನಿಕನೊಬ್ಬ ತಂದ 14 ವಜ್ರದುಂಗುರಗಳ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 1901ರ ಡಿಸೆಂಬರಿನಲ್ಲಿ, ಆ ದ್ವೀಪಗಳು ಪರದೇಶವಲ್ಲ, ಡಿಂಗ್ಲಿ ಸುಂಕ ಹಾಕುವಂತಿಲ್ಲ ಎಂದಿತು. 1902ರ ಮಾರ್ಚ್ 8ಕ್ಕೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಹೊಸ ಕಾಯ್ದೆಯನ್ನೇ ತಂದಿತು: ಡಿಂಗ್ಲಿ ದರದ ಮುಕ್ಕಾಲು ಭಾಗ ಕಟ್ಟಬೇಕು. 96 ಡಿಗ್ರಿಯ (ಇದು ಶುದ್ಧತೆಯ ಅಳತೆ) ಕಚ್ಚಾ ಸಕ್ಕರೆಗೆ ಪೌಂಡಿಗೆ 1.685 ಸೆಂಟು ಪೂರ್ತಿ ದರ. ಮುಕ್ಕಾಲೆಂದರೆ ಸುಮಾರು 1.26. ಅದೇ ಹವಾಯಿಯ ಸಕ್ಕರೆಗೆ ಸೊನ್ನೆ. ವಸೂಲಾದ ಹಣವನ್ನು ಮನಿಲಾ ಖಜಾನೆಗೆ ಕೊಡುತ್ತಿದ್ದರು ಎಂದು ನೀವು ವಾದಿಸಬಹುದು. ಕೊಡುತ್ತಿದ್ದರು, ಆದರೆ ಅದರಿಂದ ಫಿಲಿಪೀನ್ಸಿನ ನೆಗ್ರೋಸ್ ದ್ವೀಪದ ಕಬ್ಬು ಬೆಳೆಗಾರನ ಸರಕು ಬಿಕರಿಯಾಗುವುದಿಲ್ಲವಲ್ಲ.

ಅಬಾಕಾ ನಾರಿನ ಕಥೆ ಇನ್ನೂ ಸ್ಪಷ್ಟ. ಬಾಳೆಯ ಜಾತಿಯ ಈ ಗಿಡದ ನಾರು ಹಡಗಿನ ಹಗ್ಗಕ್ಕೆ ಹೇಳಿ ಮಾಡಿಸಿದ್ದು. ರಫ್ತು ಸುಂಕ 100 ಕಿಲೋಗೆ 75 ಸೆಂಟು. ಲಂಡನ್ನಿಗೆ ಹೋದ ನಾರು ಅದನ್ನು ಕಟ್ಟಿಯೇ ತೀರಬೇಕು. ಅಮೆರಿಕದಲ್ಲಿ ಬಳಕೆಯಾದ ನಾರಿಗೆ ವಾಪಸು. ಹಗ್ಗದ ಕಾರ್ಖಾನೆಗೆ ಲಾಭ, ನಷ್ಟ ಮಾತ್ರ ಮನಿಲಾ ಖಜಾನೆಗೆ.

ಹಾಗಾದರೆ ಅಮೆರಿಕದ ಸರಕು ಆಗಲೇ ಮನಿಲಾಕ್ಕೆ ಸುಂಕವಿಲ್ಲದೆ ಯಾಕೆ ಬರಲಿಲ್ಲ? ಸ್ಪೇನ್ ಈ ದ್ವೀಪಗಳನ್ನು ಬಿಟ್ಟುಕೊಟ್ಟ 1898ರ ಪ್ಯಾರಿಸ್ ಒಪ್ಪಂದದ 4ನೇ ವಿಧಿ, ಅಮೆರಿಕದ ಸರಕಿಗೆ ಇರುವ ಸವಲತ್ತನ್ನೇ ಸ್ಪೇನಿನ ಸರಕಿಗೂ 10 ವರ್ಷ ಕೊಟ್ಟಿತ್ತು; ಸುಂಕ ತೆಗೆದರೆ ಇಬ್ಬರಿಗೂ ತೆಗೆಯಬೇಕಿತ್ತು. ಆ ಗಡುವು 1909ರ ಏಪ್ರಿಲಿನಲ್ಲಿ ಮುಗಿಯಿತು, ಆಗಸ್ಟಿನಲ್ಲೇ ಸುಂಕ ರದ್ದಾಯಿತು. ಸುಂಕವಿಲ್ಲದೆ ಹೋಗುವ ಫಿಲಿಪೀನ್ಸಿನ ಸಕ್ಕರೆಗೆ ವರ್ಷಕ್ಕೆ 3 ಲಕ್ಷ ಟನ್ನಿನ ಮಿತಿ ಬಿತ್ತು; ಅಮೆರಿಕದ ಸರಕಿಗೆ ಇಂಥ ಪ್ರಮಾಣದ ಮಿತಿ ಇರಲಿಲ್ಲ.

ನಮ್ಮ ಮಕ್ಕಳಿಗೆ ಕದನಗಳ ಇಸವಿ ಬಾಯಿಪಾಠ ಮಾಡಿಸುತ್ತೇವೆ, ಸುಂಕದ ದರ ಯಾರೂ ಹೇಳಿಕೊಡುವುದಿಲ್ಲ. 1896ರಲ್ಲಿ ಆಮದು ಬಟ್ಟೆಯ ಮೇಲಿನ ಶೇ. 3.5ಕ್ಕೆ ಸರಿಯಾಗಿ ನಮ್ಮ ಗಿರಣಿ ಬಟ್ಟೆಯ ಮೇಲೂ ಶೇ. 3.5 ಅಬಕಾರಿ ಸುಂಕ ಹೇರಿದ್ದು ಇಂಗ್ಲೆಂಡಿನ ಬಟ್ಟೆ ಗಿರಣಿಗಳ ನಾಡಾದ ಲ್ಯಾಂಕಶೈರಿಗಾಗಿ. ನಿಮ್ಮ ಧಾರವಾಡ ಸೇರಿದ್ದ ಮುಂಬಯಿ ಪ್ರಾಂತದ ಗಿರಣಿಗಳು ಅದನ್ನು ಸುಮಾರು ಮೂವತ್ತು ವರ್ಷ ಕಟ್ಟಿದವು.